ಯಾರ ಗಡ್ಡೆ ಎಂದು ಕೇಳಬಾರದಿತ್ತು

"ಅಬ್ಬಾ… ಎಂಥ ಚೆಂದದ ಗಡ್ಡೆ!"

ತನಗೆ ತಾನೇ ಹೇಳಿಕೊಂಡು ಅವಳು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿದರೆ ಬಾಗಿಲಲ್ಲಿ ಅವನು!

ಕತ್ತರಿ. ಥೈರಾಯ್ಡ್ ಆಪರೇಷನ್ನಿನಲ್ಲಿ ಎತ್ತಿದ ಕೈಯ ಸರ್ಜನ್ ಎಂದು ಅವಳೇ ಅವನಿಗಿಟ್ಟ ಹೆಸರು. ರಜೆ ಹಾಕಿ ಹೋದವನು ಒಂದು ತಿಂಗಳಿಂದ ಅವಳ ಫೋನ್ ಎತ್ತಿರಲಿಲ್ಲ. ಈಗ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ನಿಂತಿದ್ದಾನೆ.

ಅವಳ ಎದೆ ಹೊಡೆದುಕೊಂಡಿತು. ಆದರೂ ಬಿಗುಮಾನ ಬಿಡಬೇಕಲ್ಲ!

ಸಂಶೋಧನೆಗೆಂದು ಅವಳ ಲ್ಯಾಬಿಗೆ ಬರುವ ಥೈರಾಯ್ಡ್ ಗಡ್ಡೆಗಳಿಗೆ ಬರೀ ನಂಬರು, ಹೆಸರಿಲ್ಲ. ಯಾರದ್ದೆಂದು ಗೊತ್ತಾದರೆ ನೋಡುವ ಕಣ್ಣು ಪಕ್ಷಪಾತ ಮಾಡುತ್ತದೆ ಎಂದು ಈ ಕಟ್ಟುನಿಟ್ಟು ತಂದವಳೂ ಅವಳೇ.

"ಬನ್ನಿ, ನೋಡಿ. ಜೀವಕೋಶಕ್ಕೆ ಶಕ್ತಿ ಕೊಡೋದು ಮೈಟೊಕಾಂಡ್ರಿಯ. ಕೆಟ್ಟುಹೋದದ್ದನ್ನ ಕೋಶನೇ ಹುಡುಕಿ ಅರಗಿಸ್ಬೇಕು. ಇಲ್ಲಿ ಆ ಕೆಲ್ಸನೇ ನಿಂತುಹೋಗಿದೆ. ಕೆಟ್ಟದ್ದೆಲ್ಲ ಒಳಗೇ ತುಂಬ್ಕೊಂಡು ಉಬ್ಬಿ ಕೂತಿದೆ… ಥೇಟ್ ನಿಮ್ಮ ಹಾಗೇ!"

ಅವನು ಹತ್ತಿರ ಬಂದು ಗಾಜಿನ ಮೇಲಿದ್ದ ನಂಬರು ಓದಿದ.

"ಕಳ್ಳ ಗಡ್ಡೆ! ರಕ್ತನಾಳಕ್ಕೂ ನುಗ್ಗಿಬಿಟ್ಟಿದೆ, ಕ್ಯಾನ್ಸರೇ, ಅನುಮಾನ ಇಲ್ಲ. ಅಯೋಡಿನ್ ಔಷಧಿಗೂ ಸುಲಭಕ್ಕೆ ಬಗ್ಗೋದಲ್ಲ. ಪಾಪ, ಯಾರದೋ ಏನೋ…"

ಅವನು ಮೇಜಿನ ಅಂಚು ಹಿಡಿದುಕೊಂಡ.

"ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ? ಬೇರೆ ಯಾರಾದ್ರೂ ಸಿಕ್ಕಿದ್ರೆ ಹೇಳ್ಬಿಡಿ. ನಾನೇನು ಅತ್ತು ರಂಪ ಮಾಡೋಳಲ್ಲ!"

ಸುಳ್ಳು! ತಿಂಗಳಿಡೀ ಅವಳು ಅತ್ತಿದ್ದೇ ಅತ್ತಿದ್ದು.

ಅವನು ಮಫ್ಲರ್ ಬಿಚ್ಚಿದ. ಕುತ್ತಿಗೆಗೆ ಅಡ್ಡಲಾಗಿ ಹೊಲಿಗೆಯ ಕೆಂಪು ಗೆರೆ. ಮೈಕ್ರೋಸ್ಕೋಪಿನಡಿ ಇದ್ದ ಗಾಜಿನ ನಂಬರಿನ ಮೇಲೆ ಬೆರಳಿಟ್ಟ.

"ನಂದೇ…" ಧ್ವನಿಯಲ್ಲ ಅದು, ಬರೀ ಗಾಳಿ. "ಬೇರೆ ಊರಲ್ಲಿ ಆಪರೇಷನ್ ಮಾಡಿಸ್ಕೊಂಡೆ. ಧ್ವನಿಯ ನರಕ್ಕೆ ಪೆಟ್ಟಾಯ್ತು. ನಿನ್ನ ಸಂಶೋಧನೆಗೆ ಬರ್ಲಿ ಅಂತ ಒಂದು ತುಂಡು ಈ ನಂಬರಲ್ಲಿ ಕಳಿಸ್ದೆ. ನನ್ನ ರಿಪೋರ್ಟ್ ಇನ್ನೂ ಬಂದಿಲ್ಲ. ಈಗ ನಿನ್ನ ಬಾಯಲ್ಲೇ ಗೊತ್ತಾಯ್ತು."

ಅವನ ತೀರ್ಪನ್ನು ಅವಳೇ ನಗುನಗುತ್ತಾ ಓದಿದ್ದಳು! ಚೆಂದ ಎಂದಿದ್ದಳು! ಈ ನಾಲಿಗೆ ಯಾಕಾದರೂ ಇತ್ತು?

"ನನ್ನತ್ರ ಯಾಕೆ ಮುಚ್ಚಿಟ್ರಿ?"

"ಸಾದಾ ಗಡ್ಡೆ ಅಂತ ಬಂದ್ರೆ ಮದ್ವೆ ವಿಷ್ಯ ಕೇಳೋಣ ಅಂತಿದ್ದೆ. ಇಲ್ಲಾಂದ್ರೆ ಸುಮ್ನೆ ದೂರ ಹೋಗೋಣ ಅಂತ…"

ಅಳು ಬರಬೇಕಿತ್ತು. ಬಂದದ್ದು ಸಿಟ್ಟು!

"ನನ್ನ ಬದುಕಿನ ವಿಷ್ಯ ನೀವೊಬ್ರೇ ತೀರ್ಮಾನ ಮಾಡೋಕೆ ನಾನೇನು ನಿಮ್ಮ ವಾರ್ಡಿನ ರೋಗಿನಾ? ಒಂದು ತಿಂಗಳು ನಾನು ಸತ್ತು ಬದುಕಿದ್ದೀನಿ, ಗೊತ್ತಾ?"

"ಇನ್ನೊಂದು ಆಪರೇಷನ್ ಆಗ್ಬಹುದು. ಆಮೇಲೂ ವಾಸಿಯಾಗುತ್ತೆ ಅಂತ ಹೇಳೋಕಾಗಲ್ಲ. ನಿಂಗ್ಯಾಕೆ ಈ ಕರ್ಮ, ಮಹಾರಾಯ್ತಿ?"

"ಪ್ರೀತಿಸ್ತೀನಿ, ಅದಕ್ಕೆ!" ಕೂಗಿಯೇ ಹೇಳಿದಳು. "ಆದ್ರೆ ನೀವು ಮಾಡಿದ್ದನ್ನ ಇವತ್ತು ಕ್ಷಮಿಸೋಕೆ ನನ್ನ ಕೈಲಾಗಲ್ಲ."

ಅವನ ಕಣ್ಣು ತುಂಬಿತು. ಅವಳು ಅವನ ತಣ್ಣನೆಯ ಕೈ ಹಿಡಿದಳು, ಬಿಡಲಿಲ್ಲ.

"ಈ ಸಿಟ್ಟು ಇಳಿಯೋಕೆ ಎಷ್ಟು ದಿನ ಬೇಕು?" ಅವನು ಪಿಸುಗುಟ್ಟಿದ.

"ವರ್ಷಗಟ್ಟಲೆ ಬೇಕು. ಅಷ್ಟೂ ವರ್ಷ ಎದುರಿಗಿದ್ದು ಬೈಸ್ಕೋಬೇಕು. ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ."

"ಸರಿ… ಬೈಯೋಕೆ ಶುರು ಮಾಡು."