ಕುಂಕುಮ ಹಚ್ಚಿದ ಕಬ್ಬು

"ನನ್ನ ಗಂಡ ಗಾಡಿ ನಿಂದ್ರಿಸಿದ್ದನ್ರಿ ಬಾಯಾರ. ನಿಂತ ಗಾಡಿ ಹೆಂಗ್ರಿ ಮಂದಿಗೆ ಬಡೀತೈತಿ?"

ಇಷ್ಟು ಹೇಳಿ ಕಾವೇರಿ ಹೊಸ್ತಿಲಲ್ಲೇ ಕುಸಿದು ಕೂತಳು. ಬಿ.ಎ. ಪಾಸಾಗಿ, ರತ್ನಾಬಾಯಿಯವರ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದ ವೀರೇಶನೆಂಬ ನಾನು ಚಹಾದ ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿದೆ.

ರತ್ನಾಬಾಯಿ ಮುಧೋಳದ ಬಸ್‌ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್‌ ಆಗಿದ್ದವರು. ಪ್ರಯಾಣಿಕನ ಗಂಟು ನೋಡಿ ಅವನ ಊರು ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಕಳೆದ ಎಮ್ಮೆ, ಕಳೆದ ಒಡವೆ, ಕಳೆದ ಗಂಡ, ಎಲ್ಲದಕ್ಕೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ನನಗೋ ಊರಿನವರೆಲ್ಲರ ಧಾಟಿಯಲ್ಲಿ ಮಾತಾಡುವುದು ಸಲೀಸು, ಊರಿನ ರಸ್ತೆ ದಾಟುವುದಷ್ಟೇ ಕಷ್ಟ.

ಆ ಕಷ್ಟವೇ ಈಗ ಪ್ರಕರಣವಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ, ಕಾಲೇಜಿನ ಮುಂದಿನ ಜೀಬ್ರಾ ಪಟ್ಟಿಯ ಮೇಲೆ, ಹಾಸ್ಟೆಲ್ಲಿಗೆ ರೊಟ್ಟಿ ಒಯ್ಯುತ್ತಿದ್ದ ಕೆಂಪವ್ವನಿಗೆ ವಾಹನ ಬಡಿದಿತ್ತು. ಕಾವೇರಿಯ ಗಂಡ ಲಗಮಪ್ಪ ಎರಡು ಟ್ರೇಲರ್‌ ಕಬ್ಬು ಹೇರಿಕೊಂಡು ಹಂಗಾಮಿನ ಮೊದಲ ಗಾಡಿಯೆಂದು ಪೂಜೆ ಮಾಡಿಸಿ ಕಾರ್ಖಾನೆಗೆ ಹೊರಟಿದ್ದ. ಅವನೇ ಹೊಡೆದು ಓಡಿದನೆಂದು ಹೇಳಿದವನು ಗೊಬ್ಬರದ ಅಂಗಡಿಯ ಚಿದಾನಂದ. ಕೆಂಪವ್ವನನ್ನು ತನ್ನ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಮುಟ್ಟಿಸಿದವನೂ ಅವನೇ. ಆಕೆಗೆ ಇನ್ನೂ ಎಚ್ಚರವಿರಲಿಲ್ಲ. ಲಗಮಪ್ಪ ಪೊಲೀಸ್‌ ಠಾಣೆಯಲ್ಲಿದ್ದ. ಕಬ್ಬು ಸಿಹಿ, ಖಬರು ಕಹಿ.

"ನಿಂತಂವಾ ಮತ್ತ ಓಡಿದ್ಯಾಕ?" ಬಾಯಿಯವರು ಕೇಳಿದರು.

"ಏನೋ ಬಡದ ಸಪ್ಪಳ ಆತಂತ್ರಿ. ಮಂದಿ 'ಹೊಡೀರಿ ಅವನ್ನ' ಅಂದ್ರಂತ. ದೊಡ್ಡ ಗಾಡಿದs ತಪ್ಪು ಅಂತ ಮೊದಲು ಡ್ರೈವರಗs ಹಾಕ್ತಾರಲ್ರಿ? ಅಂಜಿ ಹೋದ."

ನನಗೆ ನಂಬಿಕೆ ಬರಲಿಲ್ಲ. ಯಾವ ಹೆಂಡತಿಯೂ ಗಂಡನ ಪರವಾಗಿ ಇಷ್ಟು ಹೇಳಿಯೇ ಹೇಳುತ್ತಾಳೆ.

"ವೀರೇಶ, ಚಿದಾನಂದ ಏನಂದ? ಅವನ ದನಿಯಾಗs ಹೇಳು."

ಅವನು ಚಹಾದಂಗಡಿಯಲ್ಲಿ ಮೂರು ಸಲ ಹೇಳಿದ್ದನ್ನು ಕೇಳಿದ್ದೆ. ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಶುರು ಮಾಡಿದೆ: "ನಾ ಟ್ರ್ಯಾಕ್ಟರ್‌ ಹಿಂದs ಹೊಂಟಿದ್ದೆ. ಪಾಪ, ಅಕಿ ತಲಿಮ್ಯಾಲ ಬುಟ್ಟಿ. ಟ್ರ್ಯಾಕ್ಟರ್‌ ಮುಂದ ಬಂದು, ಬಲಗೈ ಎತ್ತಿ ಹಣಿಗೆ ಹಚ್ಚಿ, ನಿಂದ್ರಪಾ ಅಂದ್ಲು. ಅಂವಾ ಆಗೂ ನಿಂದ್ರಲಿಲ್ಲ, ಹೊಡದ ಮ್ಯಾಲೂ ನಿಂದ್ರಲಿಲ್ಲ!"

ಕಾವೇರಿ ಅಳುವುದನ್ನು ಬಿಟ್ಟು ನನ್ನನ್ನು ದಿಟ್ಟಿಸಿದಳು. ಬಾಯಿಯವರು ಮತ್ತೊಮ್ಮೆ ಹೇಳಿಸಿದರು. "ಕೈ ಎಲ್ಲಿಗೆ ಹಚ್ಚಿದ್ಲಂತ?"

"ಹಣಿಗ್ರಿ."

"ಹೂಂ. ಚಪ್ಪಲಿ ಮೆಟ್ಟಿಕೋ."

ಜೀಬ್ರಾ ಪಟ್ಟಿಯ ಹತ್ತಿರ ಜಕ್ಕಪ್ಪನ ಚಹಾದಂಗಡಿ. ಎಡಗಾಲು ಸೊಟ್ಟಗಾದ ಜಕ್ಕಪ್ಪ ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರ. ನಾವು ಬಾಯಿ ತೆರೆಯುವ ಮೊದಲೇ, "ನಾ ಏನೂ ನೋಡಿಲ್ರಿ. ಒಳಗ ಹಾಲು ಕಾಸಾಕತ್ತಿದ್ದೆ" ಅಂದ. ಕೇಳದ ಪ್ರಶ್ನೆಗೆ ಉತ್ತರ ಕೊಡುವವನ ಮೇಲೆ ನನಗೆ ಮೊದಲಿಂದಲೂ ಗುಮಾನಿ.

ಅಂಗಡಿಯ ಹಿಂದೆ ಅವನ ಆಡು ಕಬ್ಬು ಜಗಿಯುತ್ತಿತ್ತು. ಪಕ್ಕದಲ್ಲಿ ಇನ್ನೂ ನಾಲ್ಕು ಜಲ್ಲೆ. ಜಲ್ಲೆಗಳ ಮೇಲೆ ಅರಿಶಿನ, ಕುಂಕುಮ.

"ಆಡಿಗೆ ಭಾಳ ದೈವಭಕ್ತಿ" ಅಂದೆ. ಜಕ್ಕಪ್ಪ ನಗಲಿಲ್ಲ.

ಆಗಲೇ ಆಟೋದಿಂದ ಚಿದಾನಂದ ಇಳಿದ. ಬಾಯಿಯವರು ಕೈಮುಗಿದರು. "ಪುಣ್ಯಾದ ಕೆಲಸ ಮಾಡಿದ್ರಿ, ಸಾವಕಾರ್ರ. ಕಾರ್‌ ಎಲ್ಲಿ?"

"ಜಮಖಂಡಿ ಗ್ಯಾರೇಜಿಗೆ ಬಿಟ್ಟೇನ್ರಿ. ಸೀಟಿಗೆಲ್ಲಾ ರಕ್ತ ಆಗಿತ್ತಲ್ರಿ, ತೊಳಸಾಕ."

"ಮುಧೋಳದಾಗ ನೀರಿಲ್ಲೇನ್ರಿ?"

ಚಿದಾನಂದ ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ. ಬಾಯಿಯವರು ಸಂದಿಗೆ ಹೋಗಿ ಪಿಎಸ್‌ಐ ಮಲ್ಲಿನಾಥನಿಗೆ ಫೋನು ಹಚ್ಚಿದರು.

ಸಂಜೆ ನಾಲ್ಕಕ್ಕೆ ಎಲ್ಲರೂ ಅದೇ ಅಂಗಡಿಯ ಮುಂದೆ ಸೇರಿದೆವು. ಜೀಪಿನಲ್ಲಿ ಲಗಮಪ್ಪ, ಅದರ ಕಂಬಿ ಹಿಡಿದು ಕಾವೇರಿ, ಬೆಂಚಿನ ಮೇಲೆ ಚಿದಾನಂದ, ಮಲ್ಲಿನಾಥ, ಕೋಲಿನ ಮೇಲೆ ಭಾರ ಬಿಟ್ಟು ಜಕ್ಕಪ್ಪ.

"ಮೊದಲು ಕಬ್ಬಿನ ಮಾತು," ಬಾಯಿಯವರು ಆರಂಭಿಸಿದರು. "ಆಡಿನ ಮುಂದಿನ ಜಲ್ಲಿಗೆ ಕುಂಕುಮ ಐತಿ; ನಿನ್ನೆ ಪೂಜಾ ಆಗಿ ಹೋದದ್ದು ಲಗಮಪ್ಪನ ಗಾಡಿ ಒಂದs. ಹೊಸ ಹಗ್ಗದಾಗ ಬಿಗದ ಕಬ್ಬು, ತಾನಾಗೇ ಉದುರೂದಿಲ್ಲ, ಜಗ್ಗಬೇಕು. ಓಡೂ ಗಾಡಿದು ಜಗ್ಗಾಕ ಕಾಲು ಗಟ್ಟಿ ಇರಬೇಕು. ಜಕ್ಕಪ್ಪ, ನಿನ್ನ ಕಾಲಾಗ ಅದು ಆಗ್ತೈತೇನು?"

ಜಕ್ಕಪ್ಪ ತಲೆ ತಗ್ಗಿಸಿದ. "ಗಾಡಿ ನಿಂತಿತ್ರಿ. ಹಿಂದಿನ ಟ್ರೇಲರಿನ್ಯಾಗಿಂದು ಐದು ಜಲ್ಲಿ ಜಗ್ಗಿದೆ. ಆಮ್ಯಾಲ ದಡ್‌ ಅಂತು. ಬಾಯಿ ಬಿಟ್ರ ನಾನೂ ಕಳ್ಳ ಆಕ್ಕೇನಿ ಅಂತ ಸುಮ್ಮನಾದೆ."

"ಹೊಡದ ಮ್ಯಾಲ ಗಾಡಿ ನಿಂದ್ರಲಿಲ್ಲ ಅಂತ ಚಿದಾನಂದನೂ ಅಂತಾನ. ಅಂದಮ್ಯಾಲ ನಿಂತದ್ದು ಅದಕ್ಕೂ ಮೊದಲ. ಇನ್ನ ಕೆಂಪವ್ವನ ಕೈ. ಮೈಮ್ಯಾಲ ಬರೂ ಗಾಡಿಗೆ ಅಂಗೈ ತೋರಸ್ತೇವಿ. ಹಣಿಗೆ ಹಚ್ಚೂದು ಶರಣು ಅನ್ನಾಕ. ದಾರಿ ಬಿಟ್ಟ ಡ್ರೈವರಗ ನಮ್ಮ ಕಡೆ ಎಲ್ಲಾರೂ ಹಂಗs ಮಾಡ್ತಾರ. ಅಕಿ ನಿಂದ್ರು ಅನ್ನಲಿಲ್ಲ. ನಿಂತಿದ್ದಿ, ಪುಣ್ಯಾ ಬರಲಿ ಅಂದ್ಲು."

ಚಿದಾನಂದ ಕರವಸ್ತ್ರ ತೆಗೆದ.

"ಎರಡು ಟ್ರೇಲರ್‌, ಎರಡಾಳು ಎತ್ತರದ ಕಬ್ಬು. ಹಿಂದಿದ್ದಂವಗ ಟ್ರ್ಯಾಕ್ಟರ್‌ ಮುಂದಿನ ಮುದುಕಿ ಕೈ ಕಾಣಸ್ತೈತೇನು? ಬಲಕ್ಕ ಸರದು, ಮುಂದ ನುಗ್ಗಿದಂವಗ ಮಾತ್ರ ಕಾಣಸ್ತೈತಿ."

ಮಲ್ಲಿನಾಥ ಗಂಟಲು ಸರಿಮಾಡಿಕೊಂಡ. "ಜಮಖಂಡಿಯಿಂದ ನಮ್ಮವರ ಫೋನ್‌ ಬಂದೈತಿ. ಎಡಗಡೆ ಹೆಡ್‌ಲೈಟ್‌ ಒಡದೈತಿ. ಅದರ ಸಂದ್ಯಾಗ ಅಂಗೈಯಗಲ ಕಡಕ್‌ ರೊಟ್ಟಿ ಸಿಕ್ಕೊಂಡೈತಿ."

ಅಂಗಡಿಯ ಹಿಂದೆ ಆಡು ಇನ್ನೂ ಜಗಿಯುತ್ತಿತ್ತು.

"ಮುಂದಿನ ಗಾಡಿ ಯಾಕ ನಿಂತೈತಿ ಅಂತ ನಂಗ ಹೆಂಗ ಗೊತ್ತಾಗ್ಬೇಕ್ರಿ?" ಚಿದಾನಂದ ಚೀರಿದ.

"ಗೊತ್ತಾಗಲಿಲ್ಲ ಅಂದ್ರ ನೀನೂ ನಿಂದ್ರಬೇಕಾಗಿತ್ತು. ಪಟ್ಟಿಮ್ಯಾಲ ಕಾಲಿಟ್ಟ ಮ್ಯಾಲ ರಸ್ತಾ ನಡಿಯೂ ಮಂದೀದು. ಅಕಿನ್ನ ದವಾಖಾನಿಗೆ ಒಯ್ದಿ, ಅದು ಖರೆ. ನಿನ್ನ ತಪ್ಪನ್ನೂ ಅದs ಕಾರಿನ್ಯಾಗ ಒಯ್ದಿದ್ರ ಛಲೋ ಇತ್ತು."

ಲಗಮಪ್ಪನನ್ನು ಜೀಪಿನಿಂದ ಇಳಿಸಿದರು. ಅವನ ಮುಖದಲ್ಲಿ ಗೆಲುವಿರಲಿಲ್ಲ. "ಬಾಯಾರ, ನಾ ನಿಂದ್ರದs ಹೋಗಿದ್ರ ಅಕಿ ದಂಡ್ಯಾಗs ಇರ್ತಿದ್ಲಲ್ರಿ?"

ಬಾಯಿಯವರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿಂತದ್ದು ತಪ್ಪಲ್ಲೋ ತಮ್ಮಾ," ಅಂದರು. "ಓಡಿದ್ದು ತಪ್ಪು."

ಐದನೆಯ ದಿನ ಎಚ್ಚರವಾದ ಕೆಂಪವ್ವ ಮೊದಲು ಕೇಳಿದ್ದು ತನ್ನ ರೊಟ್ಟಿಗಳ ಗತಿ ಏನಾಯಿತೆಂದು. ಸಂಕ್ರಮಣ ಮುಗಿದ ಮೇಲೊಂದು ಬೆಳಿಗ್ಗೆ ನಾನು ಅದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಬುಟ್ಟಿ ಹೊತ್ತ ಕೆಂಪವ್ವ ರಸ್ತೆಯ ಅಂಚಿನಲ್ಲಿ, ಕುಂಟುತ್ತ ಬಂದು, ಅನುಮಾನದಿಂದ ನಿಂತಿದ್ದಳು. ಲಗಮಪ್ಪನ ಟ್ರ್ಯಾಕ್ಟರ್‌ ಬಂದು ನಿಂತಿತು. ಅವನು ಅವಳತ್ತ ನೋಡಲಿಲ್ಲ. ಮೊದಲು ಹಿಂದಕ್ಕೆ ತಿರುಗಿ, ಬಲಗೈಯನ್ನು ಪೂರ್ತಿ ಹೊರಚಾಚಿ ಅಡ್ಡ ಹಿಡಿದ. ಹಿಂದಿನ ಜೀಪು ಹಾರ್ನ್‌ ಹೊಡೆಯಿತು, ಮತ್ತೆ ಹೊಡೆಯಿತು. ಕೈ ಕದಲಲಿಲ್ಲ. ಜೀಪು ನಿಂತ ಮೇಲೆಯೇ ಅವನು ಮುಂದೆ ತಿರುಗಿ, "ಬಾ ಯವ್ವಾ" ಅಂದ.

ನಡುರಸ್ತೆಯಲ್ಲಿ ಕೆಂಪವ್ವ ನಿಂತು, ಬಲಗೈ ಎತ್ತಿ ಹಣೆಗೆ ಹಚ್ಚಿದಳು.