ಸೋಫಾದ ಮೇಲಿನ ಗಾಜು

ಸ್ಟುಡಿಯೋದ ಹಿಂಬದಿ ಕಿಟಕಿಯಲ್ಲಿ ಗಾಜಿರಲಿಲ್ಲ. ಅದು ಒಡೆದಿರಲೂ ಇಲ್ಲ. ಗಾಜನ್ನು ಹಿಡಿದಿಡುವ ಅಂಚಿನ ಪುಟ್ಟಿ ಕೆರೆದು, ಇಡೀ ಗಾಜನ್ನು ಬಿಡಿಸಿ, ಯಾರೋ ಒಳಹೊಕ್ಕಿದ್ದರು. ಎರಡು ಕ್ಯಾಮೆರಾ ಹೋದವೆಂದು ಫೋಟೋಗ್ರಾಫರ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹಳೇ ನೆಗೆಟಿವ್‌ಗಳ ಡಬ್ಬವೂ ಕಾಣುತ್ತಿಲ್ಲ, ಅದು ಹೋದರೆ ಹೋಗಲಿ ಎಂದ.

ದಫೇದಾರ ಕಿಟಕಿಯತ್ತ ಒಂದೇ ಸಲ ನೋಡಿದ. "ಗಾಜಪ್ಪನ ಕೈಚಳಕ, ಸಾರ್. ನಾಯಿ ಬಾಲ ಯಾವತ್ತಿದ್ರೂ ಡೊಂಕೇ."

ಇನ್‌ಸ್ಪೆಕ್ಟರ್ ಕಿಟಕಿಯ ಹತ್ತಿರ ಹೋದ. ಗಾಜಪ್ಪನನ್ನು ನಾಲ್ಕು ಸಲ ಹಿಡಿದವನು ಅವನೇ. ಗಾಜು ಒಡೆಯದೆ ಬಿಡಿಸಿ ಒಳನುಗ್ಗುವವನೆಂದು ಆ ಹೆಸರು ಕೊಟ್ಟಿದ್ದೂ ಠಾಣೆಯೇ. ಇನ್ನೊಮ್ಮೆ ಬಂದರೆ ಹತ್ತು ವರ್ಷ ಎಂದು ನ್ಯಾಯಾಧೀಶರು ಕಳೆದ ಸಲವೇ ಗದರಿದ್ದರು. ಹತ್ತು ವರ್ಷ ಬದುಕುವಷ್ಟು ಜೀವ ಆ ಮುದುಕನಲ್ಲಿರಲಿಲ್ಲ. ಜೈಲಿನಿಂದ ಬಂದವನು ಗಾಜಿನಂಗಡಿ ಸೇರಿದ್ದ. ಮಗಳನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ಕೆಲಸ ಕಲಿಸಿದ್ದ. ಇಷ್ಟಾದರೂ ಮತ್ತೆ ಇದೇನಾ ಎಂದು ಇನ್‌ಸ್ಪೆಕ್ಟರ್‌ಗೆ ಬೇಸರವಾಯಿತು.

ಬಿಡಿಸಿದ ಗಾಜು ಕಿಟಕಿಯ ಒಳಗೆ, ಸೋಫಾದ ಮೇಲೆ ಮಲಗಿತ್ತು. ಅದರಡಿ ಒಂದು ಮಡಿಸಿದ ಬಟ್ಟೆ. ಅವನು ಅದನ್ನೇ ನೋಡುತ್ತ ನಿಂತ.

*

ಗಾಜಿನಂಗಡಿಯ ಯಜಮಾನ ಮುದುಕನನ್ನು ಹೋದ ವಾರವೇ ಕೆಲಸದಿಂದ ತೆಗೆದಿದ್ದ. ಫ್ರೇಮಿಗೆ ಗಾಜು ಕೊಳ್ಳಲು ಬಂದ ಫೋಟೋಗ್ರಾಫರ್ ಮುದುಕನ ಮುಖ ಗುರುತು ಹಿಡಿದನಂತೆ. ಹಿಡಿದ ಕಳ್ಳರ ಫೋಟೋ ಠಾಣೆಗೆ ತೆಗೆದುಕೊಡುವವನು ಅವನೇ ತಾನೆ? ಕಳ್ಳನೆಂದು ಗೊತ್ತಾದ ಮೇಲೆ ಹೇಗೆ ಇಟ್ಟುಕೊಳ್ಳಲಿ ಎಂದು ಯಜಮಾನ ಕೇಳಿದ.

ಸೇಡಿಗೆ ಕಾರಣವೂ ಸಿಕ್ಕಿತೆಂದು ದಫೇದಾರ ಹಿಗ್ಗಿದ.

*

ಮುದುಕ ತನ್ನ ಮನೆಯ ಹೊಸ್ತಿಲಲ್ಲಿ ಕೂತಿದ್ದ. ಒಳಗೆ ಮಗಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಸ್ಟುಡಿಯೋ ಕಳ್ಳತನ ಎನ್ನುತ್ತಲೇ ಮುದುಕ ಒಂದು ಕ್ಷಣ ಮಗಳ ಮುಖ ನೋಡಿ, ಎದ್ದು ನಿಂತ.

"ನಾನೇ ಸಾರ್. ನಡೀರಿ."

"ಗಾಜು ಎಲ್ಲಿಟ್ಟೆ?" ಎಂದ ಇನ್‌ಸ್ಪೆಕ್ಟರ್.

"ಯಾವಾಗ್ಲೂ ಇಡೋ ಕಡೆನೇ. ಹೊರಗಡೆ, ಗೋಡೆಗೆ ಒರಗಿಸಿ."

ಹೌದು ಸಾರ್, ನಾನೂ ಮಹಜರಿನಲ್ಲಿ ಹಾಗೇ ಬರೆದಿದ್ದೀನಿ ಎಂದ ದಫೇದಾರ. ನಾಲ್ಕು ಸಲ ಬರೆದ ಕೈ, ಐದನೇ ಸಲ ಕಣ್ಣನ್ನು ಕೇಳಿರಲಿಲ್ಲ.

ಇನ್‌ಸ್ಪೆಕ್ಟರ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟ. ಅವನಿಗೆ ಆ ಉತ್ತರವೇ ಸಾಕಾಗಿತ್ತು. ಗಾಜು ಹೊರಗಿರಲಿಲ್ಲ, ಒಳಗೆ ಸೋಫಾದ ಮೇಲಿತ್ತು ಎಂದ. ಕಳ್ಳನಿಗೆ ದಾರಿಯಾದರೆ ಸಾಕು, ಆಮೇಲೆ ಗಾಜು ಏನಾದರೆ ಅವನಿಗೇನು? ಓಣಿಯಲ್ಲಿ ಯಾರಾದರೂ ಎಡವಿಯಾರು ಎಂದು ಒಳಗೆ, ಬಟ್ಟೆ ಹಾಸಿ ಮಲಗಿಸಿದ್ದು ಕಸುಬಿನವರ ಕೈ. ಇಟ್ಟ ಜಾಗವೇ ಗೊತ್ತಿಲ್ಲದ ಮುದುಕ ಅಲ್ಲಿಗೆ ಹೋಗಿಲ್ಲ. ಅವನಿಂದ ಕಳ್ಳತನ ಕಲಿಯದೆ, ಬರೀ ಕಸುಬು ಕಲಿತವರು ಒಬ್ಬರೇ ಇದ್ದಾರೆ.

ಮಗಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ನಂಗೆ ಬೇಕಾಗಿದ್ದು ಠಾಣೆಗೆ ತೆಗೆದ ಅಪ್ಪನ ಫೋಟೋ ಸಾರ್, ಆ ಡಬ್ಬ ಅಷ್ಟೇ. ಅದೊಂದೇ ಹೋದ್ರೆ ನಮ್ಮೇಲೆ ಅನುಮಾನ ಬರುತ್ತೆ ಅಂತ ಕ್ಯಾಮೆರಾನೂ ತಗೊಂಡೆ." ಅವಳ ದನಿ ಕುಸಿಯಿತು. "ಗಾಜು ಬಿಡಿಸಿದ್ರೆ ಅಪ್ಪನ ಹೆಸರೇ ಬರುತ್ತೆ ಅಂತ ಹೊಳೀಲೇ ಇಲ್ಲ. ನಂಗೆ ಅದು ಅಂಗಡಿ ಕೆಲಸ."

ಡಬ್ಬದಲ್ಲಿದ್ದುದನ್ನೆಲ್ಲ ಅವಳು ಸುಟ್ಟಾಗಿತ್ತು. ಕ್ಯಾಮೆರಾಗಳು ಮಂಚದಡಿ ಹಾಗೇ ಇದ್ದವು.

ಮುದುಕ ಇನ್‌ಸ್ಪೆಕ್ಟರನ ಕೈ ಹಿಡಿದುಕೊಂಡ. ತನ್ನ ಹೆಸರಿಗೇ ಬರೆದುಕೊಳ್ಳಿ ಎಂದು ಬೇಡಿದ. ನಿನಗಾದರೆ ಹತ್ತು ವರ್ಷ, ಅವಳಿಗೆ ಮೊದಲನೇ ತಪ್ಪು, ಬುದ್ಧಿ ಹೇಳಿ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡುತ್ತಾರೆ ಎಂದು ಇನ್‌ಸ್ಪೆಕ್ಟರ್ ಸಮಾಧಾನ ಹೇಳಿದ.

"ಮೊದಲನೇ ಸಲ ನನ್ನನ್ನೂ ಬಿಟ್ಟಿದ್ರು ಸಾರ್," ಎಂದ ಮುದುಕ. "ಫೋಟೋ ಮಾತ್ರ ಬಿಡಲಿಲ್ಲ."

ಇನ್‌ಸ್ಪೆಕ್ಟರ್ ಕೈ ಬಿಡಿಸಿಕೊಂಡ. ಕಾನೂನು ಹೇಳಿದ್ದನ್ನು ಮಾಡಿದ.

*

ಸಂಜೆ ಠಾಣೆಯ ಬಿಳಿ ಗೋಡೆಯೆದುರು ಅವಳನ್ನು ನಿಲ್ಲಿಸಿದರು. ಫೋಟೋಗ್ರಾಫರ್ ಬಂದ. ಗಲ್ಲ ಸ್ವಲ್ಪ ಮೇಲೆತ್ತಮ್ಮ ಎಂದ. ಎದುರಿನಿಂದ ಒಂದು ತೆಗೆದ, ಪಕ್ಕದಿಂದ ಒಂದು. ಮುದುಕ ಬಾಗಿಲಾಚೆ ಬೆನ್ನು ತಿರುಗಿಸಿ ನಿಂತಿದ್ದ. ಕ್ಯಾಮೆರಾ ಅವಳು ಕದ್ದದ್ದೇ.