ನೋಡದ ಚೌಕಗಳು

"ಫೋನ್ ಎತ್ತಾಕ ಏನಾಗಿತ್ರಿ ನಿಮಗ?"

ಬಾಗಿಲಲ್ಲಿ ನಿಂತವನನ್ನು ತನುಜಾ ಎಂದೂ ಎದುರಿಗೆ ಕಂಡವಳಲ್ಲ. ಆದರೆ ಆ ದನಿಯ ಗುರುತು ಹಿಡಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ಎರಡು ವರ್ಷಗಳಿಂದ ಅದು ಕಡಲ ಮೇಲಿನಿಂದ, ಎಂಜಿನ್ನಿನ ಸದ್ದಿನ ನಡುವಿನಿಂದ, ಶಿಗ್ಗಾಂವಿಯ ಈ ಮನೆಗೆ ಬರುತ್ತಿತ್ತು.

ಲೋಹಿತ! ಕಾರವಾರದಲ್ಲಿ ದೋಣಿ ಹತ್ತಿ ಹೋಗಿ ಕಡಲಹಕ್ಕಿಗಳನ್ನು ಎಣಿಸುವವನು. ಕಡಲಲ್ಲಿ ವಿದ್ಯುತ್ತಿಗಾಗಿ ಗಾಳಿಕಂಬ ನೆಡಬೇಕೆಂದಿದ್ದರು. ಎಲ್ಲಿ ನೆಟ್ಟರೆ ಹಕ್ಕಿಗಳಿಗೆ ಕೇಡಿಲ್ಲ ಎಂದು ಮೊದಲೇ ಲೆಕ್ಕ ಹಾಕಿ ನಕ್ಷೆ ಮಾಡುವ ಕೆಲಸ ತನುಜಾಳದು. ಅವನು ಕಂಡದ್ದನ್ನು ಬರೆದು ಕಳಿಸುತ್ತಿದ್ದ. ಅವಳು ತಾನು ಕಾಣದ ಕಡಲನ್ನು ಮನೆಯಲ್ಲಿ ಕುಳಿತು ಚೌಕ ಚೌಕವಾಗಿ ಬಿಡಿಸುತ್ತಿದ್ದಳು.

ಬಿಸಿಲಿಗೆ ಕಂದಿದ ಮುಖ. ಕಣ್ಣಿನ ಸುತ್ತ ಮಾತ್ರ ತಂಪು ಕನ್ನಡಕದ ಬಿಳಿ ಗುರುತು. ಅವಳಿಗೆ ನಗು ಬಂತು. ಅವನು ನೋಡಿದೊಡನೆ ತುಟಿ ಬಿಗಿದಳು.

"ಯಾರ್ ಬಂದಾರ, ತನು?" ಒಳಗಿನಿಂದ ತಾಯಿ ಸರೋಜವ್ವ ಕೇಳಿದಳು.

"ಕೆಲಸದವರು, ಅವ್ವಾ."

"ಹಂಗನಬ್ಯಾಡ್ರಿ," ಅವನು ಪಿಸುಗುಟ್ಟಿದ. "ನಳ ರಿಪೇರಿಗೆ ಬಂದಾಂವ ಅಂತ ತಿಳ್ಕೊಂತಾರ."

ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಸರೋಜವ್ವ ಚಹಾ ತಂದಳು. "ಯಾವೂರು ತಮ್ಮಾ?"

"ರಟ್ಟೀಹಳ್ಳಿ ರಿ. ಈಗ ಕಾರವಾರದಾಗ ಹಕ್ಕಿ ಎಣಸ್ತೇನ್ರಿ."

"ಹಾರೋ ಹಕ್ಕಿನ? ಎಣಿಸಿದ್ದನ್ನ ಮತ್ತ ಎಣಸಲಾರದಂಗ ಹೆಂಗ ನೋಡ್ಕೊಂತೀ?"

"ಇದನ್ನ ಕೇಳಿ ಕೇಳಿನ ನಿಮ್ಮ ಮಗಳು ನನ್ನ ಜೀವ ತಿಂತಾರ್ರಿ."

ಸರೋಜವ್ವ ನಕ್ಕುಬಿಟ್ಟಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಹೀಗೆ ನಕ್ಕದ್ದನ್ನು ತನುಜಾ ಕಂಡಿರಲಿಲ್ಲ. ಅವಳ ಎದೆ ಒಮ್ಮೆ ಹಗುರಾಗಿ, ಮತ್ತೆ ಭಾರವಾಯಿತು. ಹಾನಗಲ್ಲಿನಿಂದ ಅವಳಿಗೊಂದು ಸಂಬಂಧ ಬಂದಿತ್ತು. ಆ ಮನೆಯವರಿಗೆ ಏನು ಹೇಳಲಿ ಎಂದು ಕೇಳಲು ಫಕ್ಕೀರೇಶ ಕಾಕಾ ಇಂದು ಫೋನ್ ಮಾಡುವವರಿದ್ದರು. ಹೂಂ ಎನ್ನಬೇಕೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ತಾಯಿ ಒಳಗೆ ಹೋದೊಡನೆ ಲೋಹಿತ ಮುಂದೆ ಬಾಗಿದ. "ನೀವು ಮಾಡಿದ ಮ್ಯಾಪ್ ನೋಡಿದೆ. ದೂರದ ಅಂಚಿನ ಚೌಕ ಎಲ್ಲಾ ಬೆಳ್ಳಗದಾವ. ಯಾಕ?"

"ಅಲ್ಲಿ ಹಕ್ಕಿ ಇಲ್ಲ."

"ಯಾರು ಹೇಳಿದ್ರು?"

"ನೀವ! ಅಲ್ಲಿ ಏನೂ ಬರ್ದಿಲ್ಲಲ್ಲ?"

"ನೋಡ್ರಿ, ಹಕ್ಕಿ ಕಾಣಲಿಲ್ಲ ಅಂದ್ರ ಸೊನ್ನಿ ಬರೀತೇನ್ರಿ. ನೋಡೇ ಇಲ್ಲ ಅಂದ್ರ ಖಾಲಿ ಬಿಡ್ತೇನಿ. ಎಂಜಿನ್ ಕೆಟ್ಟು ದೋಣಿ ಆ ಕಡೆ ಹೋಗೇ ಇಲ್ಲ."

ತನುಜಾಳ ನಕ್ಷೆಯಲ್ಲಿ ಬಿಳಿ ಎಂದರೆ ಹಕ್ಕಿಯಿಲ್ಲದ ಜಾಗ. ಆ ಬಿಳಿಯನ್ನು ನಂಬಿ ಅಲ್ಲೇ ಕಂಬ ನೆಟ್ಟಿದ್ದರೆ? ಲ್ಯಾಪ್‌ಟಾಪ್ ತೆರೆದು, ಆ ಚೌಕಗಳನ್ನೆಲ್ಲ ಬೂದು ಬಣ್ಣಕ್ಕೆ ತಿರುಗಿಸಿ, 'ಇನ್ನೂ ನೋಡಿಲ್ಲ' ಎಂದು ಬರೆದು ಆಫೀಸಿಗೆ ಕಳಿಸಿದಳು. ಅಷ್ಟು ಹೊತ್ತೂ ಅವನು ಪರದೆಯನ್ನು ನೋಡಲಿಲ್ಲ, ಅವಳ ಕಿವಿಯ ಬಳಿ ಜಾರಿದ ಕೂದಲನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಕೂದಲನ್ನು ಹಿಂದಕ್ಕೆ ಸರಿಸಲಿಲ್ಲ.

"ಇಷ್ಟು ಹೇಳಾಕ ಕಾರವಾರದಿಂದ ಬಂದ್ರೇನು?"

"ಫೋನ್ ಎತ್ತಿದ್ರ ಫೋನಿನ್ಯಾಗ ಹೇಳ್ತಿದ್ದೆ."

ಅವಳು ತಲೆ ತಗ್ಗಿಸಿದಳು. "ಹಾನಗಲ್ಲಿನ ಸಂಬಂಧ ಬಂದೈತಿ ಅಂತ ನಾ ಹೇಳಿದಾಗ, ನೀವೇನಂದ್ರಿ?"

"ಏನೂ ಅನ್ನಲಿಲ್ಲ."

"ಅದಕ್ಕ ನಾನೂ ಸೊನ್ನಿ ಅಂತ ತಿಳ್ಕೊಂಡೆ."

ಲೋಹಿತ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ವರ್ಷದಾಗ ಅರ್ಧ ನೀರಿನ ಮ್ಯಾಲೆ ಇರಾವ ನಾನು. ಯಾವ ಬಾಯಿಂದ ಕೇಳ್ಲಿ? ಬಾಯಿ ತಗದ್ರ ಅಳು ಬರ್ತಿತ್ತು. ಗಾಳಿ ಜೋರೈತಿ, ಏನೂ ಕೇಳಸವಲ್ದು ಅಂತ ಹೇಳಿ ಫೋನ್ ಇಟ್ಟೆ." ತಡೆದು ಹೇಳಿದ, "ಅವತ್ತು ಗಾಳಿನ ಇರಲಿಲ್ಲ, ತನುಜಾ."

ಇಷ್ಟು ದಿನ ಅವಳ ಹೆಸರಿನ ಬೆನ್ನಿಗೆ ತಪ್ಪದೆ ಬರುತ್ತಿದ್ದ 'ಅವ್ರ' ಈ ಸಲ ಬರಲಿಲ್ಲ. ಇಬ್ಬರಿಗೂ ಅದು ತಿಳಿಯಿತು.

ಅಷ್ಟರಲ್ಲಿ ಒಳಗೆ ಫೋನ್ ಗುಣುಗುಟ್ಟಿತು. ಸರೋಜವ್ವ ಅದನ್ನು ಹಿಡಿದು ಹೊರಗೆ ಬಂದಳು. "ಫಕ್ಕೀರೇಶ. ಏನ್ ಹೇಳ್ಲಿ?"

ತನುಜಾ ಕೈ ಚಾಚಿ ಫೋನ್ ತೆಗೆದುಕೊಂಡಳು. "ಕಾಕಾ, ಆ ಮನಿಯವರು ಭಾಳ ಒಳ್ಳೆಯವರು. ಆದ್ರ ನನ್ನ ಮನಸ್ಸು ಬ್ಯಾರೆ ಕಡೆ ಐತ್ರಿ. ಬ್ಯಾಡ ಅಂತ ಹೇಳಿಬಿಡ್ರಿ." ಹೇಳುವಾಗ ಅವಳು ಲೋಹಿತನನ್ನೇ ನೋಡುತ್ತಿದ್ದಳು. ಅವನು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟ.

ಸರೋಜವ್ವ ಗೋಡೆಯ ಮೇಲಿನ ಗಂಡನ ಫೋಟೋದ ಮುಂದೆ ನಿಂತಳು. ಇದ್ದಾಗ ನಾಗಪ್ಪನನ್ನು ಕೇಳದೆ ಅವಳು ಏನನ್ನೂ ಮಾಡಿದವಳಲ್ಲ. ಈಗಲೂ ಕೇಳುತ್ತಿದ್ದಾಳೆ ಎನಿಸಿ ತನುಜಾಳ ಕಣ್ಣು ತುಂಬಿತು.

"ತಮ್ಮಾ," ಸರೋಜವ್ವ ತಿರುಗಿ ಕೇಳಿದಳು, "ನಿಮ್ಮವ್ವ ನಾಳೆ ಮನ್ಯಾಗ ಇರ್ತಾಳೇನು?"

"ಇರ್ತಾಳ್ರಿ. ಯಾಕ್ರಿ?"

"ಏನಿಲ್ಲಪಾ. ನಿಮ್ಮೂರ ಕದಂಬೇಶ್ವರನ ದರ್ಶನ ಮಾಡಬೇಕು ಅಂತ ಭಾಳ ದಿನದಿಂದ ಮನಸ್ಸಿನ್ಯಾಗ ಐತಿ. ಊರಿಗೆ ಬಂದಾಕಿ ಹಂಗ ನಿಮ್ಮನಿಗೂ ಹಾಯ್ದು, ಕುಡಿಯಾಕ ನೀರು ಕೇಳ್ತೇನಿ."

ನಾಗಪ್ಪ ಹೋದ ಮೇಲೆ ಸರೋಜವ್ವ ಓಣಿಯ ತುದಿಯ ಕಿರಾಣಿ ಅಂಗಡಿಗೂ ಹೋದವಳಲ್ಲ. ತನುಜಾ ಬೆರಗಾಗಿ ತಾಯಿಯನ್ನು ನೋಡಿದಳು.

"ಏನ್ ನೋಡ್ತೀ? ಬಸ್ಸಿನ್ಯಾಗ ಮುಂದಿನ ಸೀಟು ಹಿಡಿಬೇಕು ಮತ್ತ. ಹಿಂದ ಕುಂತ್ರ ನನಗ ಹೊಟ್ಟಿ ತೊಳಸ್ತೈತಿ."

"ನಾ ಹಿಡೀತೇನಿ, ಅವ್ವಾ," ಎಂದ ಲೋಹಿತ. ಆಮೇಲೆ ತನುಜಾಳತ್ತ ಓರೆಗಣ್ಣಿನಿಂದ ನೋಡಿ, "ಎರಡು ಹಿಡೀಲ್ಯಾ, ಮೂರು ಹಿಡೀಲ್ಯಾ?"

"ಮೂರು," ಎಂದಳು ತನುಜಾ. "ಕಿಡಕಿ ಕಡೆದು ನಂದು."